ತಿಂಡಿ ಬೀದಿಗಿರುವ ಕಾಯ್ದೆ ನಮ್ಮೂರ ಗಾಡಿಗಿಲ್ಲ

ವಿ.ವಿ. ಪುರಂ ತಿಂಡಿ ಬೀದಿಗೆ ಹೋಗೋಣ ಅಂತ ಡಿಪ್ಲೊಮಾದಲ್ಲಿ ಜೊತೆಗೆ ಓದಿದ ನಾವು ಮೂವರು ಎರಡು ವರ್ಷದಿಂದ ಮಾತಾಡಿಕೊಳ್ಳುತ್ತಲೇ ಇದ್ದೆವು. ಜನವರಿಯ ಒಂದು ಶನಿವಾರ ಸುದ್ದಿ ಕಳಿಸಿ ಹೊರಟೇಬಿಟ್ಟೆವು. ಕುಂದಾಣದಿಂದ ದೇವನಹಳ್ಳಿ, ಅಲ್ಲಿಂದ ಬಸ್ಸಲ್ಲಿ ಮೆಜೆಸ್ಟಿಕ್, ಆಮೇಲೆ ಮೆಟ್ರೊದಲ್ಲಿ ಮೂರನೇ ನಿಲ್ದಾಣ ನ್ಯಾಷನಲ್ ಕಾಲೇಜು.

ಸಜ್ಜನರಾವ್ ವೃತ್ತದ ಪಕ್ಕದ ಈ ಬೀದಿಗೆ ಜೀವ ಬರುವುದೇ ಸಂಜೆ. ಪಡ್ಡು, ಹೋಳಿಗೆ, ಅಕ್ಕಿ ರೊಟ್ಟಿ, ಖಾರ ಹಚ್ಚಿದ ಕಾಂಗ್ರೆಸ್ ಕಡಲೆಬೀಜ, ಬೆಣ್ಣೆ ಗುಲ್ಕನ್. ಬಹುಪಾಲು ಸಸ್ಯಾಹಾರವೇ. ಸಂತೆಯಲ್ಲಿ ಬೋಟಿ ಗೊಜ್ಜಿನ ವಾಸನೆ ಹಿಡಿದು ಬೆಳೆದ ನಮಗೆ ಅದೊಂದು ಕೊರತೆ ಅನ್ನಿಸಿತು.

ಕಾಲು ನಿಂತಿದ್ದು ಅವರೆಕಾಳು ದೋಸೆ ಮುಂದೆ. ಮಂಜು ಬಿದ್ದಾಗಲೇ ಅವರೆಗೆ ಸೊಗಡು. ನಮ್ಮ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಬೆಳೆಯುವ ಕಾಳು ಅದು. ಹಿತಕಿದ ಬೇಳೆ ಬೇಕೆಂದರೆ ಕಾಯಿ ಬಿಡಿಸಿ, ಕಾಳು ನೆನೆಸಿ, ಒಂದೊಂದನ್ನೂ ಬೆರಳಲ್ಲಿ ಹಿಚುಕಬೇಕು. ಒಂದು ಸೇರಿಗೆ ಮನೆಮಂದಿಯೆಲ್ಲ ಕೂರಬೇಕು. ಇಲ್ಲಿ ಅದು ದೋಸೆ ಮೇಲೆ ಧಾರಾಳವಾಗಿ ಬೀಳುತ್ತಿತ್ತು.

"ಎಷ್ಟು ವರ್ಷದಿಂದ ಇದ್ದೀರಣ್ಣ?" ಅಂದೆವು.

"ನಮ್ಮಪ್ಪನ ಕಾಲದಿಂದ. ಈಗ ಕಾನೂನಿದೆ ಸಾರ್, ಸುಮ್ನೆ ಬಂದು ಏಳಿ ಅನ್ನಕಾಗಲ್ಲ."

ಅವರು ಹೇಳಿದ್ದು 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಅದರ ಪ್ರಕಾರ ಸಮೀಕ್ಷೆ ಮಾಡಿ ವ್ಯಾಪಾರಿಗೆ ಪ್ರಮಾಣಪತ್ರ ಕೊಡಬೇಕು, ಎಬ್ಬಿಸುವುದಾದರೆ 30 ದಿನದ ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಎಲ್ಲವೂ ಹಾಗೇ ನಡೆಯುತ್ತದೆ ಅಂತಲ್ಲ, ಆದರೆ ವಾದ ಮಾಡಲು ಕೈಯಲ್ಲೊಂದು ಕಾಗದ ಇರುತ್ತದೆ.

ಊರಿಗೆ ಬಂದ ಮೇಲೂ ಆ ಮಾತು ತಲೆಯಲ್ಲೇ ಇತ್ತು. ನಮ್ಮ ಹೋಬಳಿಯ ಬೀರಸಂದ್ರದಲ್ಲೇ ಜಿಲ್ಲಾಡಳಿತ ಭವನ ಇದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಒಬ್ಬ ಅಕ್ಕ ಗಾಡಿಯಲ್ಲಿ ಇಡ್ಲಿ, ಚಿತ್ರಾನ್ನ, ಬೋಂಡ ಇಟ್ಟುಕೊಳ್ಳುತ್ತಾರೆ. ಪಹಣಿ ತಿದ್ದುಪಡಿಗೆ ಬಂದವರ ಹೊಟ್ಟೆ ತುಂಬುವುದು ಅಲ್ಲೇ, ನಮಗೆ ಅರ್ಧ ಸುದ್ದಿ ಸಿಗುವುದೂ ಅಲ್ಲೇ. ವರ್ಷದಲ್ಲಿ ಮೂರು ಸಲ ಗಾಡಿ ಜಾಗ ಬದಲಿಸಿದೆ. ಯಾರೋ ಬಂದು ಇಲ್ಲಿ ಬೇಡ ಅನ್ನುತ್ತಾರೆ, ಅವರು ತಳ್ಳಿಕೊಂಡು ಹೋಗುತ್ತಾರೆ.

ಕಾಯ್ದೆಯ ವಿಷಯ ಹೇಳಹೊರಟ ನಮಗೇ ಅಡ್ಡ ಬಂದದ್ದು ಕಾಯ್ದೆ. ಅದು ನಗರ, ಪಟ್ಟಣಗಳಿಗೆ. ಹಳ್ಳಿಗೆ ವ್ಯಾಪಾರ ಸಮಿತಿಯೇ ಇಲ್ಲ. 2020ರಲ್ಲಿ 10 ಸಾವಿರ ಸಾಲ ಕೊಡಲು ಬಂದ ಪಿಎಂ ಸ್ವನಿಧಿಯೂ ಪಟ್ಟಣದ ಗಡಿಯೊಳಗೆ ಮಾರುವವರಿಗೇ ರೂಪಿಸಿದ್ದು.

"ಹಂಗಾದ್ರೆ ಕಾನೂನು ಇರೋ ಕಡೆಗೆ ಗಾಡಿ ತಳ್ಕೊಂಡೋಗ್ಬೇಕೇನಣ್ಣ?" ಅಂದರು ಅಕ್ಕ, ಬೋಂಡ ತಿರುವುತ್ತಾ.

ಸಿಂಗಪುರದಲ್ಲಿ ಬೀದಿ ವ್ಯಾಪಾರಿಗಳಿಗೆ ಸರ್ಕಾರವೇ ನೀರು, ಚರಂಡಿ ಇರುವ ಕಟ್ಟಡ ಕಟ್ಟಿಕೊಟ್ಟಿತು. 2020ರಲ್ಲಿ ಯುನೆಸ್ಕೊ ಪಟ್ಟಿಗೂ ಆ ತಿಂಡಿ ಸಂಸ್ಕೃತಿ ಸೇರಿತು. ಅಕ್ಕನಿಗೆ ಅಷ್ಟೆಲ್ಲ ಬೇಡ. ಪಂಚಾಯಿತಿಗೊಂದು ಅರ್ಜಿ ಬರೆದುಕೊಟ್ಟಿದ್ದೇವೆ: ಹತ್ತಡಿ ಜಾಗ, ಒಂದು ನಲ್ಲಿ, ಒಂದು ದೀಪ. ಕೊಡುವಾಗ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ ಅಂತ ಎರಡೆರಡು ಸಲ ಹೇಳಿದ್ದೇವೆ.