ಪೋಣಿಸುವ ನೋಟ

ಅಪರಾಧವೊಂದನ್ನು ವಸ್ತುವಾಗಿಟ್ಟುಕೊಂಡ ಚಲನಚಿತ್ರವು ನಡೆದದ್ದನ್ನು ನಡೆದ ಸರದಿಯಲ್ಲೇ ಹೇಳದೆ, ಕೊನೆಯದನ್ನು ಮೊದಲಿಗೂ ನಡುವಿನದನ್ನು ಕೊನೆಗೂ ಇಟ್ಟು ಹೇಳಿದಾಗ ನೋಡುಗನಿಗೆ ಎರಡು ಬಗೆಯ ಸುಖ ದೊರೆಯುತ್ತದೆ: ಕಥೆಯನ್ನು ಅನುಭವಿಸುವ ಸುಖ ಒಂದಾದರೆ, ಆ ಕಥೆಯನ್ನು ತನ್ನೊಳಗೆ ತಾನೇ ಕಟ್ಟಿಕೊಳ್ಳುವ ಸುಖ ಇನ್ನೊಂದು. 1920ರ ದಶಕದ ರಷ್ಯದ ರೂಪನಿಷ್ಠ ವಿಮರ್ಶಕರು ಇದನ್ನು ವಿವರಿಸಲು ಫಾಬುಲಾ ಮತ್ತು ಸ್ಯುಝೆಟ್ ಎಂಬ ಎರಡು ಪದಗಳನ್ನು ಬಳಸಿದರು. ಕನ್ನಡದಲ್ಲಿ ಅವನ್ನು ಘಟನಾಕ್ರಮ ಮತ್ತು ನಿರೂಪಣಾಕ್ರಮ ಎಂದು ಕರೆಯಬಹುದು. ಘಟನಾಕ್ರಮವೆಂದರೆ ಕಾಲದ ಸರದಿಯಲ್ಲಿ ನಡೆದ ಸಂಗತಿಗಳು, ನಿರೂಪಣಾಕ್ರಮವೆಂದರೆ ಆ ಸಂಗತಿಗಳು ಕೇಳುಗನ ಅಥವಾ ನೋಡುಗನ ಮುಂದೆ ಬಂದು ನಿಲ್ಲುವ ಸರದಿ. ಇವೆರಡರ ನಡುವಿನ ಅಂತರವನ್ನು ನಿರ್ದೇಶಕನು ತೆರೆದಿಡುತ್ತಾನೆ, ಮುಚ್ಚುವ ಕೆಲಸ ಮಾತ್ರ ನೋಡುಗನ ಪಾಲಿಗೆ ಬರುತ್ತದೆ.

ಈ ಬಗೆಯ ನಿರೂಪಣೆಗೂ ಅಪರಾಧದ ಕಥೆಗೂ ಸಹಜವಾದ ನಂಟಿದೆ. ಅಪರಾಧವು ಲೋಕಕ್ಕೆ ತಿಳಿಯುವುದೇ ಅದು ಮುಗಿದ ಮೇಲೆ. ಒಡೆದ ಬೀಗವೋ ಬಿದ್ದ ಹೆಣವೋ ಮೊದಲು ಕಣ್ಣಿಗೆ ಬಿದ್ದು, ಕಾರಣವು ಆಮೇಲೆ ಹಿಂದುಹಿಂದಕ್ಕೆ ಹುಡುಕುವವನ ಕೈಗೆ ಸಿಗುತ್ತದೆ. ತನಿಖೆ ಎಂಬುದೇ ಕಾಲದಲ್ಲಿ ಹಿಂದಕ್ಕೆ ನಡೆಯುವ ಕೆಲಸವಾದ್ದರಿಂದ, ಕಾಲವನ್ನು ಕದಡಿ ಹೇಳುವ ಅಪರಾಧಚಿತ್ರವು ನೋಡುಗನನ್ನು ತನಿಖೆ ಮಾಡುವವನ ಕುರ್ಚಿಯಲ್ಲಿ ಕೂರಿಸಿದಂತಾಗುತ್ತದೆ. ಆ ಕುರ್ಚಿಯಲ್ಲಿ ಕುಳಿತವರು ಹೇಗೆ ವರ್ತಿಸುತ್ತಾರೆ, ಏನನ್ನು ಸಹಿಸುವುದಿಲ್ಲ, ಯಾವ ಗಳಿಗೆಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ ಎಂಬುದನ್ನು ಗಮನಿಸುವುದು ಚಿತ್ರವನ್ನು ನೋಡುವಷ್ಟೇ ರುಚಿಯಾದ ಹವ್ಯಾಸ.

ಕನ್ನಡದಲ್ಲಿ ಈ ಹವ್ಯಾಸಕ್ಕೆ ರಕ್ಷಿತ್ ಶೆಟ್ಟಿಯವರು ಬರೆದು ನಿರ್ದೇಶಿಸಿದ ‘ಉಳಿದವರು ಕಂಡಂತೆ’ಗಿಂತ ಒಳ್ಳೆಯ ಆಹಾರ ದೊರೆಯುವುದು ಕಷ್ಟ. 2014ರ ಮಾರ್ಚಿನಲ್ಲಿ ತೆರೆಕಂಡ ಈ ಚಿತ್ರವು ಮಲ್ಪೆಯ ಕಡಲ ದಂಡೆಯನ್ನೂ ಕೃಷ್ಣ ಜನ್ಮಾಷ್ಟಮಿಯ ಹುಲಿವೇಷ, ಮೊಸರು ಕುಡಿಕೆಗಳ ಗದ್ದಲವನ್ನೂ ಆವರಣವಾಗಿಟ್ಟುಕೊಂಡು, ಒಂದು ಹಿಂಸೆಯ ಘಟನೆಯನ್ನು ಅದರ ಸುತ್ತಲಿದ್ದವರ ನೆನಪುಗಳ ಮೂಲಕ ಅಧ್ಯಾಯ ಅಧ್ಯಾಯವಾಗಿ ತೋರಿಸುತ್ತದೆ. ಪತ್ರಕರ್ತೆ ರೆಜಿನಾ ಆ ನೆನಪುಗಳನ್ನು ಕಲೆಹಾಕುವವಳು. ರಕ್ಷಿತ್ ಶೆಟ್ಟಿಯವರ ರಿಚ್ಚಿ, ರಿಷಬ್ ಶೆಟ್ಟಿಯವರ ರಘು, ಕಿಶೋರ್ ಅವರ ಮುನ್ನ, ಅಚ್ಯುತ್ ಕುಮಾರ್ ಅವರ ಬಾಲು, ತಾರಾ ಅವರ ರತ್ನಕ್ಕ ಆ ನೆನಪುಗಳಲ್ಲಿ ಓಡಾಡುವವರು. ಕರಮ್ ಚಾವ್ಲಾ ಅವರ ಕ್ಯಾಮೆರಾ ಕಡಲ ಬೆಳಕನ್ನು ಹಿಡಿದರೆ, ಬಿ. ಅಜನೀಶ್ ಲೋಕನಾಥ್ ಅವರ ಸಂಗೀತವು ಚದುರಿದ ಅಧ್ಯಾಯಗಳ ಕೆಳಗೆ ಒಂದೇ ನಾಡಿಯಂತೆ ಮಿಡಿಯುತ್ತದೆ; ಚಿತ್ರೀಕರಣದ ಸ್ಥಳದಲ್ಲೇ ಮುದ್ರಿಸಿಕೊಂಡ ಧ್ವನಿಯು ಕರಾವಳಿಯ ಕನ್ನಡದ ಏರಿಳಿತವನ್ನು ಡಬ್ಬಿಂಗಿನಲ್ಲಿ ಕಳೆದುಕೊಳ್ಳದೆ ಉಳಿಸಿಕೊಟ್ಟಿದೆ.

ಚಿತ್ರದ ಹೆಸರಿನಲ್ಲೇ ಅದರ ವ್ಯಾಕರಣವಿದೆ. ‘ಕಂಡದ್ದು’ ಎಂದಿದ್ದರೆ ಅದು ಸಾಕ್ಷ್ಯವಾಗುತ್ತಿತ್ತು; ‘ಕಂಡಂತೆ’ ಎಂದಾಗ ಸತ್ಯಕ್ಕೂ ಅದನ್ನು ಹೇಳುವವರಿಗೂ ನಡುವೆ ಒಂದು ಸಣ್ಣ ಬಿರುಕು ಮೂಡುತ್ತದೆ. ಕನ್ನಡದಲ್ಲಿ ‘ಅಂತೆ’ ಎಂಬುದು ಹೋಲಿಕೆಯನ್ನೂ ಸೂಚಿಸುತ್ತದೆ, ‘ಬಂದನಂತೆ’, ‘ಹೊಡೆದನಂತೆ’ ಎಂಬಲ್ಲಿ ಇನ್ನೊಬ್ಬರ ಬಾಯಿಂದ ಕೇಳಿದ ಮಾತೆಂಬುದನ್ನೂ ಸೂಚಿಸುತ್ತದೆ. ಹೆಸರಿನಲ್ಲಿರುವುದು ಮೊದಲನೆಯ ಅರ್ಥವಾದರೂ ಕಿವಿಗೆ ಎರಡನೆಯದೂ ತಾಗದೆ ಹೋಗುವುದಿಲ್ಲ. ‘ಉಳಿದವರು’ ಎಂಬ ಪದಕ್ಕೂ ಹೀಗೆಯೇ ಎರಡು ಮುಖ: ಮಿಕ್ಕ ಜನ ಎಂಬುದೊಂದು, ಎಲ್ಲ ಮುಗಿದ ಮೇಲೂ ಬದುಕಿ ಉಳಿದವರು ಎಂಬುದು ಮತ್ತೊಂದು.

ಇಂಥ ಚಿತ್ರಕ್ಕೆ ಚಿತ್ರಮಂದಿರದಲ್ಲಿ ಮೊದಲು ಬಂದ ಪ್ರತಿಕ್ರಿಯೆ ಒಮ್ಮತದ್ದಾಗಿರಲಿಲ್ಲ. ಹೊಸತನವನ್ನು ಕಂಡು ಹಿಗ್ಗಿದವರು ಒಂದು ಕಡೆಗಿದ್ದರೆ, ನಿಧಾನವಾಯಿತು, ತಲೆಬುಡ ತಿಳಿಯಲಿಲ್ಲ ಎಂದು ಎದ್ದವರು ಇನ್ನೊಂದು ಕಡೆಗಿದ್ದರು. ಗಲ್ಲಾಪೆಟ್ಟಿಗೆಯೂ ಚಿತ್ರಕ್ಕೆ ದೊಡ್ಡ ಗೆಲುವನ್ನು ಕೊಡಲಿಲ್ಲ. ಆ ಅಸಹನೆಯನ್ನು ನೋಡುಗನ ಜಾಣ್ಮೆಯ ಕೊರತೆಯೆಂದು ತಳ್ಳಿಹಾಕುವುದು ಅನ್ಯಾಯ, ಏಕೆಂದರೆ ಅದರ ಬೇರು ಚಿತ್ರಮಂದಿರದ ರೂಢಿಗಳಲ್ಲೇ ಇದೆ. ನಾಯಕನ ಪ್ರವೇಶ ಇಂಥ ಹೊತ್ತಿಗೆ, ತಿರುವು ಇಂಟರ್ವಲ್ಲಿಗೆ, ಲೆಕ್ಕ ಚುಕ್ತಾ ಕೊನೆಯ ರೀಲಿಗೆ ಎಂಬ ಒಪ್ಪಂದವು ಟಿಕೇಟಿನ ಜೊತೆಗೇ ಕೈಸೇರಿರುತ್ತದೆ. ತಡವಾಗಿ ಬಂದವನು ಕತ್ತಲಲ್ಲಿ ಸೀಟು ತಡವಿ ಕುಳಿತು, ‘ಎಲ್ಲಿಗೆ ಬಂತು?’ ಎಂದು ಪಕ್ಕದವನನ್ನು ಕೇಳಿದರೆ ಸಾಲುನಿರೂಪಣೆಯ ಚಿತ್ರದಲ್ಲಿ ಎರಡು ವಾಕ್ಯಗಳ ಉತ್ತರ ಸಾಕು. ಕಾಲ ಕದಡಿದ ಚಿತ್ರದಲ್ಲಿ ಮೊದಲಿನಿಂದ ಕುಳಿತವನಿಗೂ ಆ ಪ್ರಶ್ನೆಗೆ ಉತ್ತರ ತಿಳಿದಿರುವುದಿಲ್ಲ. ತಿಳಿಯದಿರುವುದನ್ನು ಒಂದಷ್ಟು ಹೊತ್ತು ಮಡಿಲಲ್ಲಿಟ್ಟುಕೊಂಡು ಕೂರುವುದು ಅಭ್ಯಾಸದಿಂದ ಬರುವ ಸಹನೆಯೇ ಹೊರತು ಹುಟ್ಟಿನಿಂದ ಬರುವುದಲ್ಲ.

ಈ ತಳಮಳವು ಕನ್ನಡದ ನೋಡುಗರದು ಮಾತ್ರವೂ ಅಲ್ಲ. ಅಕಿರ ಕುರೊಸಾವ 1950ರಲ್ಲಿ ‘ರಾಶೋಮಾನ್’ ಚಿತ್ರೀಕರಣಕ್ಕೆ ಸಿದ್ಧವಾಗಿದ್ದಾಗ ಅವರ ಮೂವರು ಸಹಾಯಕ ನಿರ್ದೇಶಕರೇ ಬಂದು ಚಿತ್ರಕಥೆ ಅರ್ಥವಾಗಲಿಲ್ಲವೆಂದು ತೋಡಿಕೊಂಡದ್ದನ್ನೂ, ಮನುಷ್ಯನು ತನ್ನ ಬಗ್ಗೆ ತನಗೇ ಪ್ರಾಮಾಣಿಕನಾಗಿರಲಾರನೆಂಬ ವಿವರಣೆಯನ್ನು ಕೇಳಿ ಇಬ್ಬರು ಒಪ್ಪಿ ಒಬ್ಬರು ಒಪ್ಪದೆ ಹೋದದ್ದನ್ನೂ ಅವರು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಮರುವರ್ಷ ಅದೇ ಚಿತ್ರಕ್ಕೆ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಗೌರವವಾದ ಸ್ವರ್ಣಸಿಂಹ ಸಂದಿತು. ಸ್ಟ್ಯಾನ್ಲಿ ಕುಬ್ರಿಕ್ ಅವರ ‘ದಿ ಕಿಲ್ಲಿಂಗ್’ (1956) ಕುದುರೆ ಜೂಜಿನ ಮೈದಾನದ ಒಂದು ದರೋಡೆಯನ್ನು ಹಿಂದುಮುಂದಾಗಿ ಹೇಳಿದಾಗ, ಮೊದಲು ನೋಡಿದವರ ದೂರನ್ನು ಕೇಳಿ ನಿರ್ದೇಶಕರೂ ನಿರ್ಮಾಪಕ ಜೇಮ್ಸ್ ಹ್ಯಾರಿಸ್ ಅವರೂ ಇಡೀ ಚಿತ್ರವನ್ನು ನೇರ ಕಾಲಕ್ರಮಕ್ಕೆ ಜೋಡಿಸಿ ನೋಡಿದರು. ಹಾಗೆ ಮಾಡಿದೊಡನೆ ಚಿತ್ರದ ಜೀವವೇ ಆರಿಹೋದದ್ದು ಕಂಡು ಮತ್ತೆ ಮೊದಲಿನಂತೆಯೇ ಜೋಡಿಸಿದರು. ದೃಶ್ಯಗಳ ಸರದಿಯನ್ನು ಸರಿಪಡಿಸಿದರೆ ಕಥೆ ಸರಿಯಾಗುತ್ತದೆಂಬ ನಂಬಿಕೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವಿರಲಾರದು.

ಕನ್ನಡದಲ್ಲೇ, ‘ಉಳಿದವರು ಕಂಡಂತೆ’ಗಿಂತ ಹದಿನಾರು ವರ್ಷ ಹಿಂದಿನ, ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೊಂದಿದೆ. 1998ರಲ್ಲಿ ಉಪೇಂದ್ರ ಅವರ ‘ಎ’ ಚಿತ್ರವು ಕಾಲವನ್ನು ಹಿಂದುಮುಂದು ಮಾಡಿದ ಕಥನದೊಂದಿಗೆ, ಇದು ಬುದ್ಧಿವಂತರಿಗೆ ಮಾತ್ರ ಎಂಬ ಸವಾಲನ್ನು ಹೊತ್ತು ಬಂದಾಗ, ಜನ ಆ ಸವಾಲನ್ನು ಒಪ್ಪಿಕೊಂಡು ಮತ್ತೊಮ್ಮೆ ಟಿಕೇಟು ಕೊಂಡರು, ಚಿತ್ರ ದೊಡ್ಡ ಯಶಸ್ಸನ್ನು ಕಂಡಿತು. ಎರಡು ಚಿತ್ರಗಳ ಆರಂಭದ ಅದೃಷ್ಟ ಬೇರೆಯಾದದ್ದಕ್ಕೆ ಒಂದು ಕಾರಣವನ್ನು ಊಹಿಸಬಹುದು. ‘ಎ’ ತಾನೊಂದು ಒಗಟೆಂದು ಬಾಗಿಲಲ್ಲೇ ಸಾರಿತು, ಒಗಟೆಂದು ತಿಳಿದ ಮೇಲೆ ಬಿಡಿಸದೆ ಬಿಡುವುದು ಜಾಯಮಾನವಲ್ಲ. ‘ಉಳಿದವರು ಕಂಡಂತೆ’ಯಾದರೋ ಒಗಟನ್ನು ಒಡ್ಡುವುದಕ್ಕಿಂತ ಹೆಚ್ಚಾಗಿ ಒಂದು ಊರಿನಲ್ಲಿ ನೆಲೆಸಲು ಕರೆಯಿತು. ಬಿಡಿಸುವ ಕುತೂಹಲದಿಂದ ಬಂದವನಿಗೆ ನೆಲೆಸುವ ಆಹ್ವಾನವು ವಿಳಂಬದಂತೆ ತೋರುವುದು ಸಹಜ.

ಇಲ್ಲಿ ನೋಡುಗರ ಎರಡು ಮನೋಧರ್ಮಗಳು ಬೇರ್ಪಡುತ್ತವೆ. ಬಿಡಿಸುವ ನೋಡುಗನು ಸುಳಿವುಗಳನ್ನು ಕಲೆಹಾಕುತ್ತಾನೆ. ಈ ದೃಶ್ಯ ಆ ದೃಶ್ಯಕ್ಕಿಂತ ಮುಂಚಿನದೋ ಅನಂತರದ್ದೋ ಎಂದು ಲೆಕ್ಕ ಹಾಕುತ್ತಾನೆ. ಕ್ರಿಸ್ಟೋಫರ್ ನೋಲನ್ ಅವರ ‘ಮೆಮೆಂಟೊ’ (2000) ಬಣ್ಣದ ದೃಶ್ಯಗಳನ್ನು ಹಿಂದುಹಿಂದಕ್ಕೂ ಕಪ್ಪುಬಿಳುಪಿನ ದೃಶ್ಯಗಳನ್ನು ಮುಂದುಮುಂದಕ್ಕೂ ನಡೆಸಿ ಎರಡನ್ನೂ ಒಂದೆಡೆ ಕೂಡಿಸುವ ಗಳಿಗೆಯು ಇಂಥವನಿಗೆ ಹಬ್ಬದೂಟ. ನೆಲೆಸುವ ನೋಡುಗನಿಗೆ ಮಾತ್ರ ಸರದಿಗಿಂತ ಸರದಿಯ ಕದಡುವಿಕೆಯಿಂದ ಹುಟ್ಟುವ ಭಾವವೇ ಮುಖ್ಯ. ಕ್ವೆಂಟಿನ್ ಟರಂಟಿನೊ ಅವರ ‘ಪಲ್ಪ್ ಫಿಕ್ಷನ್’ (1994) ಚಿತ್ರದಲ್ಲಿ ನಡುವೆಯೇ ಗುಂಡಿಗೆ ಬಲಿಯಾದ ವಿನ್ಸೆಂಟ್, ಕೊನೆಯ ದೃಶ್ಯದಲ್ಲಿ ಜೀವಂತವಾಗಿ ಹೋಟೆಲಿನ ಬಾಗಿಲಿಂದ ಹೊರನಡೆಯುತ್ತಾನೆ. ಲೆಕ್ಕಕ್ಕೆ ಅದು ಹಳೆಯ ಬೆಳಗು, ಭಾವಕ್ಕೆ ಮಾತ್ರ ಸಾವಿನಿಂದ ಪಡೆದ ಒಂದು ಗಳಿಗೆಯ ಸಾಲ. ಇವೆರಡೂ ಒಬ್ಬನೇ ನೋಡುಗನಲ್ಲಿ ಕೂಡಿದಾಗ, ಭಾರತೀಯ ಕಾವ್ಯಮೀಮಾಂಸೆಯು ಸಹೃದಯನೆಂದು ಕರೆದವನು, ಅಂದರೆ ಕವಿಗೆ ಸಮಾನವಾದ ಹೃದಯವುಳ್ಳ ರಸಿಕನು, ಕತ್ತಲಲ್ಲಿ ಸಿದ್ಧನಾಗುತ್ತಾನೆ.

‘ಉಳಿದವರು ಕಂಡಂತೆ’ಯನ್ನು ರಾಶೋಮಾನ್ ಮಾದರಿಯ ಚಿತ್ರವೆಂದು ಹೇಳುವ ವಾಡಿಕೆಯಿದೆ, ಆದರೆ ಅದು ಅರ್ಧ ಮಾತ್ರ ಸರಿ. ಕುರೊಸಾವ ಅವರ ಚಿತ್ರದಲ್ಲಿ ದರೋಡೆಕೋರ, ಹೆಂಡತಿ, ಸತ್ತ ಗಂಡನ ಆತ್ಮ, ಸೌದೆ ಕಡಿಯುವವನು ಹೇಳುವ ಕಥೆಗಳು ಒಂದನ್ನೊಂದು ಸುಳ್ಳಾಗಿಸುತ್ತವೆ. ಮಲ್ಪೆಯ ಕಥೆಗಳಾದರೋ ಬಹುಮಟ್ಟಿಗೆ ಒಂದರ ಖಾಲಿ ಜಾಗವನ್ನು ಇನ್ನೊಂದು ತುಂಬುತ್ತವೆ. ಒಬ್ಬರ ಅಧ್ಯಾಯದಲ್ಲಿ ಬರಿಯ ಹಿನ್ನೆಲೆಯಾಗಿ ಹಾದುಹೋದವರು ಇನ್ನೊಬ್ಬರ ಅಧ್ಯಾಯದಲ್ಲಿ ನಡುವೀದಿಗೆ ಬಂದು ನಿಲ್ಲುತ್ತಾರೆ. ಅಲ್ಲಿ ನೋಡುಗನು ಯಾರನ್ನು ನಂಬಲಿ ಎಂದು ಕೇಳುತ್ತಾನೆ. ಇಲ್ಲಿ, ಹೊಸ ಅಧ್ಯಾಯವೊಂದು ಹಳೆಯದಕ್ಕೆ ತಾಗಿದ ಗಳಿಗೆಯಲ್ಲಿ, ಆಗಲೇ ಕಂಡಿದ್ದನ್ನು ಹೇಗೆ ಕಾಣದೆ ಹೋದೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಚಿತ್ರಮಂದಿರದಲ್ಲಿ ಆ ಗಳಿಗೆಗೆ ತನ್ನದೇ ಸದ್ದಿದೆ: ಒಬ್ಬರ ಬಾಯಿಂದ ಹೊರಟ ‘ಓ’ ಎಂಬ ಉದ್ಗಾರವು ಸಾಲಿನಿಂದ ಸಾಲಿಗೆ ಹಬ್ಬಿ, ತುಸು ಹಿಂದುಳಿದವರಿಗೂ ಏನೋ ಕೂಡಿಕೊಂಡಿತೆಂಬ ಸುಳಿವನ್ನು ಕೊಡುತ್ತದೆ.

ಕರಾವಳಿಗೆ ಈ ಬಗೆಯ ರಸಿಕತೆ ಹೊರಗಿನಿಂದ ಬರಬೇಕಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗವನ್ನು ನಡೆಸುವ ಯಕ್ಷಗಾನದ ಪ್ರಕಾರವಾದ ತಾಳಮದ್ದಳೆಯಲ್ಲಿ, ವಾಲಿಯ ವಧೆಯಂಥ ಒಂದೇ ಘಟನೆಯನ್ನು ವಾಲಿಯ ಅರ್ಥಧಾರಿ ಒಂದು ಬಗೆಯಾಗಿಯೂ ರಾಮನ ಅರ್ಥಧಾರಿ ಇನ್ನೊಂದು ಬಗೆಯಾಗಿಯೂ ವಾದಿಸುತ್ತಾರೆ. ಅರ್ಥಧಾರಿಯೆಂದರೆ ಪಾತ್ರದ ಮಾತನ್ನು ಆ ಹೊತ್ತಿಗೆ ಹೊಸೆದು ಹೇಳುವ ಕಲಾವಿದ. ಕಥೆಯ ಕೊನೆ ಸಭೆಯಲ್ಲಿ ಕುಳಿತ ಮಗುವಿಗೂ ಗೊತ್ತು, ಆದರೂ ಬಾಣ ಬಿಟ್ಟವನದೂ ಬಾಣ ತಿಂದವನದೂ ನ್ಯಾಯವನ್ನು ಕೇಳಲು ಜನ ರಾತ್ರಿಯಿಡೀ ಎದ್ದಿರುತ್ತಾರೆ. ಮುಂದೇನು ಎಂಬ ಪ್ರಶ್ನೆ ತೀರಿದ ಮೇಲೂ ಹೇಗೆ, ಯಾರ ಕಡೆಯಿಂದ ಎಂಬ ಪ್ರಶ್ನೆಗಳು ಉಳಿದಿರುತ್ತವೆ ಎಂಬ ತಿಳಿವಳಿಕೆ ಆ ನೆಲದಲ್ಲಿ ಹಳೆಯದು.

ಆದ್ದರಿಂದಲೇ ಕಾಲ ಕದಡಿದ ಚಿತ್ರದ ನಿಜವಾದ ನೋಟವು ಎರಡನೆಯ ನೋಟ. ಮೊದಲ ಸಲ ಮನಸ್ಸಿನ ಬಹುಪಾಲು ಪೋಣಿಸುವುದರಲ್ಲಿ ಸವೆಯುತ್ತದೆ. ಎರಡನೆಯ ಸಲ ದಾರ ಆಗಲೇ ಕೈಯಲ್ಲಿರುವುದರಿಂದ ಮಣಿಗಳ ಹೊಳಪು ಕಾಣುತ್ತದೆ. ಬಹುಕಾಲದ ನಂತರ ಮುಂಬೈಯಿಂದ ಮರಳಿದ ಮಗನನ್ನು ರತ್ನಕ್ಕ ಕಣ್ತುಂಬಿಕೊಳ್ಳುವಾಗ, ಮೊದಲ ಸಲ ನೋಡುವವನಿಗೆ ಅದು ತಾಯಿಮಗನ ಭೇಟಿ. ಮುಂದಿನದನ್ನು ಬಲ್ಲವನಿಗೆ ಅದೇ ನಗು, ಅದೇ ಅಂಗಳ, ಅದೇ ಮಾತು ಎದೆಯ ಮೇಲೆ ಕಲ್ಲಿಟ್ಟಂತೆ ಭಾರವಾಗುತ್ತವೆ. ದೃಶ್ಯದ ಒಂದು ಚೌಕಟ್ಟೂ ಬದಲಾಗದೆ ದೃಶ್ಯ ಬದಲಾಗಿರುತ್ತದೆ. ಹುಲಿವೇಷದ ತಾಸೆಯ ಬಡಿತವೂ ಮೊದಲ ಸಲ ಹಬ್ಬದ ಸದ್ದಾಗಿದ್ದು, ಎರಡನೆಯ ಸಲ ಉಳಿದ ಹೊತ್ತನ್ನು ಎಣಿಸುವ ಸದ್ದಾಗುತ್ತದೆ.

ಚಿತ್ರಮಂದಿರದಿಂದ ಇಳಿದ ಮೇಲೆ ‘ಉಳಿದವರು ಕಂಡಂತೆ’ಗೆ ದೊರೆತ ಬಾಳು ಈ ಎರಡನೆಯ ನೋಟದ ಬಲದಿಂದಲೇ ಬೆಳೆಯಿತು. ಮನೆಯ ಪರದೆಯಲ್ಲಿ ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೆ ನೋಡುವ ಅನುಕೂಲ ಬಂದಾಗ ಹಿಂದೆ ವಿಳಂಬವೆನಿಸಿದ್ದು ವಿವರವಾಗಿ ಕಂಡಿತು; ರಿಚ್ಚಿಯ ಮಾತಿನ ಧಾಟಿಯು ಎಳೆಯರ ನಾಲಿಗೆಯ ಮೇಲೆ ಕುಣಿಯತೊಡಗಿತು. 2017ರಲ್ಲಿ ಚಿತ್ರವು ನಿವಿನ್ ಪೌಲಿ ಅವರ ನಟನೆಯಲ್ಲಿ ‘ರಿಚಿ’ ಎಂಬ ಹೆಸರಿನಿಂದ ತಮಿಳಿಗೆ ಹೋಯಿತು, 2021ರಲ್ಲಿ ರಿಚ್ಚಿಯ ಪಾತ್ರವನ್ನು ಮುಂದುವರಿಸುವ ‘ರಿಚರ್ಡ್ ಆಂಟನಿ’ ಘೋಷಣೆಯಾಯಿತು. 2022ರ ‘ಕಾಂತಾರ’ದಲ್ಲಿ ರಿಷಬ್ ಶೆಟ್ಟಿ, ಕಿಶೋರ್, ಅಚ್ಯುತ್ ಕುಮಾರ್, ಅಜನೀಶ್ ಅವರನ್ನು ಮೊದಲು ಕಂಡ ಹೊಸ ನೋಡುಗನು ಅಲ್ಲಿಂದ ಹಿಂದಕ್ಕೆ ನಡೆದು ಮಲ್ಪೆಯನ್ನು ತಲುಪಿದರೆ, ಚಿತ್ರದ ಕಾಲ ಹೇಗೋ ನೋಡುವವರ ಕಾಲವೂ ಹಾಗೆಯೇ ಹಿಂದುಮುಂದಾಗಿ ಹರಿದಂತಾಗುತ್ತದೆ.

ಹೀಗೆ ನೋಡಿದರೆ ಪ್ರತಿಕ್ರಿಯೆಯೆಂಬುದು ಚಿತ್ರ ಮುಗಿದ ಮೇಲೆ ಅದರ ಹೊರಗೆ ಹುಟ್ಟುವ ಅಭಿಪ್ರಾಯವಲ್ಲ. ಈ ಜಾತಿಯ ಚಿತ್ರದಲ್ಲಿ ಅದು ಕೊನೆಯ ಅಧ್ಯಾಯವೇ ಆಗಿದೆ. ಮೆಟ್ಟಿಲಿಳಿಯುತ್ತ ಒಬ್ಬರು ಗಮನಿಸಿದ್ದನ್ನು ಇನ್ನೊಬ್ಬರಿಗೆ ಹೇಳುವವರು, ಒಪ್ಪದೆ ತಿರುಗಿ ವಾದಿಸುವವರು, ಮರುದಿನ ಮತ್ತೆ ಹೋಗೋಣವೆನ್ನುವವರು ಎಲ್ಲರೂ ರೆಜಿನಾಳ ಕೆಲಸವನ್ನೇ ಮುಂದುವರಿಸುವವರು, ಚಿತ್ರದ ಹೆಸರು ಕರೆದ ‘ಉಳಿದವರು’. ಅವರೆಲ್ಲರ ನಡುವೆ ಅತ್ಯಂತ ಮಾಗಿದ ಪ್ರತಿಕ್ರಿಯೆ ಮಾತ್ರ ಮಾತಿನದಲ್ಲ. ಎರಡನೆಯ ಸಲ ಬಂದವನು ಕತ್ತಲಲ್ಲಿ ಕುಳಿತು, ಪಕ್ಕದಲ್ಲಿರುವ ಹೊಸಬನು ಪಿಸುಗುಟ್ಟಿದ ತಪ್ಪು ಊಹೆಯನ್ನು ಕೇಳಿಸಿಕೊಂಡು, ಅದನ್ನು ತಿದ್ದದೆ, ಅವನ ಬಾಯಿಂದ ‘ಓ’ ಎಂಬ ಸದ್ದು ಹೊರಡುವ ಗಳಿಗೆಗಾಗಿ ಪರದೆಯನ್ನು ಬಿಟ್ಟು ಅವನ ಮುಖವನ್ನು ನೋಡುತ್ತಾನೆ.