ಎರಡು ತಟ್ಟು

ಒಲೆಗೆ ಆ ಕಾಫಿ ಬೊಡ್ಡೆಯನ್ನು ನೂಕಿ ಮಕ್ಕಳೇ. ಸಿಲ್ವರ್ ಮರದ ಸೌದೆ ಬೇಗ ಹೊತ್ತಿಕೊಂಡು ಬೇಗ ಬೂದಿಯಾಗುತ್ತದೆ. ನಾನು ಹೇಳಬೇಕಾದ್ದು ಅಷ್ಟು ಬೇಗ ಮುಗಿಯುವುದಿಲ್ಲ. ಕರೆಂಟು ಹೋಗಿ ಎರಡು ದಿನವಾಯಿತು, ಆಶ್ಲೇಷ ಮಳೆ ಹೆಂಚಿನ ಮೇಲೆ ಕೂತೇಬಿಟ್ಟಿದೆ. ನಮ್ಮ ಅರೇಹಳ್ಳಿಯಲ್ಲಿ ಇಂಥ ಹೊತ್ತಿಗೆ ಮನೆಯೊಳಗೆ ಬೆಚ್ಚಗಿರುವ ಜಾಗ ಅಂದರೆ ಈ ಬಚ್ಚಲೊಲೆಯ ಮುಂದಿನದು ಒಂದೇ. ಆ ವರ್ಷವೂ ನಾವು ಕೂತದ್ದು ಇಲ್ಲೇ.

ನಡುಮನೆಯ ಗೂಡಿನಲ್ಲಿರುವ ಬೆಳ್ಳಿ ಬಣ್ಣದ ವಿಮಾನದಿಂದ ಬಿಲ್ಲೆಯೊಂದು ಕಳಚಿ ಬಿದ್ದಿದೆ ಅಂತ ಬೆಳಿಗ್ಗೆ ತಂದು ತೋರಿಸಿದಿರಲ್ಲ. ಥಂಡಿಗೆ ಅಂಟು ಬಿಟ್ಟಿದೆ, ಅಷ್ಟೆ. ಆದರೆ ಆ ಬಿಲ್ಲೆ ಅಲ್ಲಿಗೆ ಹೇಗೆ ಬಂತು ಅನ್ನುವುದನ್ನು ನಿಮಗೆ ಇದುವರೆಗೂ ಹೇಳಿಯೇ ಇಲ್ಲ.

ಅದು 1994. ನನಗೆ 13 ವರ್ಷ, ದೊಡ್ಡಪ್ಪನಿಗೆ 66. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಿಂದ ರಿಟೈರ್ ಆಗಿ, ದೊಡ್ಡಮ್ಮನ ಜೊತೆ ಊರಿಗೆ ಬಂದು, ತಮ್ಮ ಪಾಲಿನ ಕಾಫಿ ತೋಟ ನೋಡಿಕೊಂಡಿದ್ದರು. ಅಷ್ಟರಲ್ಲಿ ಅವರ ಕೈ ನಡುಗಲು ಶುರುವಾಗಿತ್ತು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಅಂಗಿಯ ಗುಂಡಿಯನ್ನು ದೊಡ್ಡಮ್ಮನೇ ಹಾಕಬೇಕಾಗಿತ್ತು. ಆ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿದ್ದ ಅವರ ಮಗ, ಅಂದರೆ ನನ್ನ ಅಣ್ಣ, ರಜೆಗೆ ಬಂದವನು ಒಂದು ಪೆಟ್ಟಿಗೆ ಕೊಟ್ಟು ಹೋದ. ಮುಚ್ಚಳದ ಮೇಲೆ ನಾಲ್ಕು ಎಂಜಿನ್ನಿನ ವಿಮಾನದ ಚಿತ್ರ. ಬಿ-24 ಲಿಬರೇಟರ್, 72ರಲ್ಲಿ 1ರ ಅಳತೆ. ಒಳಗೆ ಕಡ್ಡಿಯ ಚೌಕಟ್ಟುಗಳಿಗೆ ಅಂಟಿಕೊಂಡ ಬೂದು ಪ್ಲಾಸ್ಟಿಕ್ಕಿನ ತುಂಡುಗಳು, ಗಾಜಿನಂಥ ಕಿಟಕಿಗಳ ಒಂದು ಪೊಟ್ಟಣ, ಬಣ್ಣದ ನಾಲ್ಕಾರು ಪುಟ್ಟ ಡಬ್ಬಿ.

ದೊಡ್ಡಪ್ಪ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದ್ನ ನಾನು ಮುಟ್ಟಿದೀನಿ ಕಣೋ ಮಗ" ಅಂದರು.

ಆರಿದ್ರ ಮಳೆ ಹಿಡಿದ ದಿನ ಶುರುಮಾಡಿದೆವು. ನಾನು ಬ್ಲೇಡಿನಿಂದ ತುಂಡುಗಳನ್ನು ಬಿಡಿಸುತ್ತಾ ಹೋದಂತೆ ಅವರು ಕಥೆ ಬಿಡಿಸುತ್ತಾ ಹೋದರು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವು ಪಡೆದು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹೂಡಿದ್ದು, ಎರಡನೇ ಮಹಾಯುದ್ಧದ ನಡುವೆ ಅದು ಅಮೆರಿಕದ ಸೇನೆಯ ವಿಮಾನಗಳನ್ನು ರಿಪೇರಿ ಮಾಡುವ ಜಾಗವಾದದ್ದು, ಬೆಳ್ಳಂದೂರು ಕೆರೆಯ ನೀರಿನ ಮೇಲೆ ಕ್ಯಾಟಲೀನಾ ವಿಮಾನಗಳು ಬಾತುಕೋಳಿಗಳ ಹಾಗೆ ಬಂದಿಳಿಯುತ್ತಿದ್ದದ್ದು. ಯುದ್ಧ ಮುಗಿದಾಗ ಕಾನ್ಪುರದಲ್ಲಿ ಲಿಬರೇಟರ್ ಬಾಂಬರುಗಳನ್ನು ಸಾಲುಸಾಲಾಗಿ ಬಿಟ್ಟುಹೋದರು. ಮತ್ತೆ ಯಾರೂ ಹಾರಿಸಬಾರದೆಂದು ಬೇಕೆಂತಲೇ ಜಖಂ ಮಾಡಿ ಬಿಟ್ಟಿದ್ದರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ವಾಯುಪಡೆಗೆ ದೊಡ್ಡ ಬಾಂಬರ್ ಬೇಕಾಯಿತು. ಕೈಗೆ ಸಿಕ್ಕುವಂತಿದ್ದದ್ದು ಆ ಗುಜರಿಯೇ.

ಎಚ್‌ಎಎಲ್‌ನವರು ಅಲ್ಲಿಗೆ ಹೋಗಿ, ಹೇಗೋ ನೆಲ ಬಿಟ್ಟು ಮೇಲೇಳುವಷ್ಟು ಸರಿಮಾಡಿದರು. ಪರೀಕ್ಷಾ ಪೈಲಟ್ ಜಮ್‌ಶೆದ್ ಮುನ್ಷಿ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ತಂದರು, ಸುಮಾರು 1,500 ಕಿಲೋಮೀಟರ್. ಇಲ್ಲಿ ಪೂರ್ತಿ ದುರಸ್ತಿ. 1948ರ ನವೆಂಬರಿನಲ್ಲಿ ಮೊದಲ ತಂಡ 5ನೇ ಸ್ಕ್ವಾಡ್ರನ್ ಸೇರಿತು. ಒಟ್ಟು 40ಕ್ಕೂ ಹೆಚ್ಚು ವಿಮಾನಗಳಿಗೆ ಹೀಗೆ ಮರುಜನ್ಮ ಬಂತು, 1968ರವರೆಗೂ ವಾಯುಪಡೆಯಲ್ಲಿ ಕೆಲಸ ಮಾಡಿದವು.

"ನೀವೇನು ಮಾಡ್ತಿದ್ರಿ ದೊಡ್ಡಪ್ಪ?"

"ಡಾಲಿ ಹಿಡೀತಿದ್ದೆ."

ಕೆಲಸಕ್ಕೆ ಸೇರಿದಾಗ ಅವರಿಗೆ 20 ವರ್ಷ, ಮೈ ಸಣ್ಣ. ವಿಮಾನದ ಬಾಲದೊಳಗೆ ನುಸುಳಲು ಅಂಥವರೇ ಬೇಕಿತ್ತು. ತಗಡಿಗೆ ರಿವೆಟ್ ಹೊಡೆಯಲು ಇಬ್ಬರು ಬೇಕು. ಹೊರಗಿನವನು ಗನ್ನಿನಿಂದ ಬಡಿಯುತ್ತಾನೆ, ಒಳಗಿನವನು ಅದೇ ಜಾಗಕ್ಕೆ ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿಯುತ್ತಾನೆ. ಅದಕ್ಕೆ ಡಾಲಿ ಅನ್ನುತ್ತಾರೆ. ರಿವೆಟ್ಟಿನ ಬಾಲ ಡಾಲಿಗೆ ಒತ್ತಿಕೊಂಡು ಚಪ್ಪಟೆಯಾಗಿ ಕೂತರೇ ತಗಡು ಹಿಡಿಯುವುದು. ಹೊರಗಿನವನಿಗೆ ಒಳಗಿನದು ಕಾಣುವುದಿಲ್ಲ. ಆ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಒಳಗಿನವನು ತಗಡನ್ನು ತಟ್ಟಿ ಹೇಳಬೇಕು. ಒಂದು ತಟ್ಟು ಅಂದರೆ ಇನ್ನೂ ಹೊಡಿ. ಎರಡು ಅಂದರೆ ಸರಿಯಾಗಿದೆ. ಮೂರು ಅಂದರೆ ಕೆಟ್ಟಿದೆ, ಕಿತ್ತು ಹಾಕು.

ದೊಡ್ಡಪ್ಪ ಒಂದು ಬೆಂಕಿಕಡ್ಡಿ ಮುರಿದು, ಅರ್ಧ ಇಂಚಿನ ತುಂಡನ್ನು ನನ್ನ ಕೈಗಿಟ್ಟರು. "ಬಾಲದ ಹತ್ರ ಒಳಗೆ ಅಂಟಿಸು. ಅಲ್ಲೇ ಕೂರ್ತಿದ್ದೆ." ಅಂಟಿಸಿದೆ. ಆಮೇಲೆ ಮೈಯ ಎರಡು ಹೋಳನ್ನು ಕೂಡಿಸಿದೆವು. ಆ ಕಡ್ಡಿ ಈಗಲೂ ಅದರೊಳಗಿದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಕೂಡಿಸುವ ಮೊದಲು ಮೂಗಿನ ಕೆಲಸವಿತ್ತು. ಈ ವಿಮಾನ ಮುಂದೊಂದು, ಹಿಂದೆ ಎರಡು ಚಕ್ರದ ಮೇಲೆ ನಿಲ್ಲಬೇಕು. ಆದರೆ ಬಾಲ ಉದ್ದ, ಭಾರ ಹಿಂದಕ್ಕೆ. ಮೂಗಿಗೆ ತೂಕ ತುಂಬದೆ ಹೋದರೆ ನಾಯಿ ಕೂತ ಹಾಗೆ ಹಿಂದಕ್ಕೆ ಕೂತುಬಿಡುತ್ತದೆ. "ದೊಡ್ಡ ವಿಮಾನಾನೂ ಹಂಗೇ. ಬಾಲದ ಕೆಳಗೆ ಆಸರೆ ಕೊಡದೆ ನಮ್ಮನ್ನ ಒಳಗೆ ಹತ್ತಿಸ್ತಿರಲಿಲ್ಲ" ಅಂದರು ದೊಡ್ಡಪ್ಪ. ನಾನು ಕೆರೆಯಲ್ಲಿ ಮೀನು ಹಿಡಿಯುವವರೊಬ್ಬರ ಹತ್ತಿರ ಹೋಗಿ ಬೀಸುಬಲೆಯ ಅಂಚಿನ ಹಳೆಯ ಸೀಸದ ಗುಂಡುಗಳನ್ನು ಬೇಡಿ ತಂದೆ. ಅವನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಪೈಲಟ್ ಕೂರುವ ಜಾಗದ ಅಡಿಗೆ, ಎಂಜಿನ್ ಗೂಡುಗಳ ಮುಂಭಾಗಕ್ಕೆ, ಎಲ್ಲೆಲ್ಲಿ ಸಂದು ಸಿಕ್ಕಿತೋ ಅಲ್ಲೆಲ್ಲ ತುರುಕಿದೆವು. ಸಾಲುತ್ತದೋ ಇಲ್ಲವೋ ತಿಳಿಯಲು ಕೊನೆಯವರೆಗೂ ಕಾಯಬೇಕಿತ್ತು. ಒಮ್ಮೆ ಮೈ ಮುಚ್ಚಿದರೆ ಮತ್ತೆ ತೆಗೆಯುವ ಹಾಗಿಲ್ಲ.

ಪುನರ್ವಸು ಮಳೆಯುದ್ದಕ್ಕೂ ಸಂದು ತುಂಬುವುದೇ ಆಯಿತು. ರೆಕ್ಕೆ ಮೈಗೆ ಸೇರುವಲ್ಲಿ ಉಗುರು ತೂರುವಷ್ಟು ಬಿರುಕು. ಎಂ-ಸೀಲ್ ಕಲಸಿ ತುಂಬಿ, ಒಣಗಿಸಿ, ನೀರದ್ದಿದ ಉಪ್ಪುಕಾಗದದಿಂದ ಉಜ್ಜುವುದು. ಮತ್ತೆ ತುಂಬುವುದು, ಮತ್ತೆ ಉಜ್ಜುವುದು. ಉಜ್ಜಿದಂತೆಲ್ಲ ಅಚ್ಚಿನಲ್ಲಿ ಮೂಡಿದ್ದ ರಿವೆಟ್ಟಿನ ಚುಕ್ಕೆಗಳು ಅಳಿಸಿಹೋದವು. ಹೋದರೆ ಹೋಗಲಿ, ಯಾರು ನೋಡುತ್ತಾರೆ ಅಂದೆ. ದೊಡ್ಡಪ್ಪ ಮಾತಾಡಲಿಲ್ಲ. ಹಲಗೆಯ ಮೇಲೆ ಬೆರಳಿನಿಂದ ಮೂರು ಸಲ ತಟ್ಟಿದರು. ನಾನು ದೊಡ್ಡಮ್ಮನ ಹೊಲಿಗೆ ಡಬ್ಬಿಯಿಂದ ಸೂಜಿ ತಂದು, ಅಡಿಕೋಲಿಟ್ಟು, ಒಂದೊಂದೇ ಚುಕ್ಕೆಯನ್ನು ಮತ್ತೆ ಚುಚ್ಚಿದೆ. ನಾಲ್ಕು ರಾತ್ರಿ ಹಿಡಿಯಿತು. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಅಷ್ಟು ಸಣ್ಣ ಕೆಲಸವನ್ನು ನಾನು ಅದಕ್ಕೆ ಮೊದಲು ಮಾಡಿರಲಿಲ್ಲ.

ಪುಷ್ಯ ಮಳೆಯಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಬೆಳ್ಳಿ ಬಣ್ಣ ಬಳಿದು ಮೂರು ದಿನವಾದರೂ ಮುಟ್ಟಿದರೆ ಬೆರಳಿಗಂಟುತ್ತಿತ್ತು. ಆ ಮಳೆಗಾಲದ ಗಾಳಿಯಲ್ಲಿ ಬಟ್ಟೆಯೇ ಒಣಗದು, ಬಣ್ಣ ಹೇಗೆ ಒಣಗೀತು? ಎಲ್ಲರೂ ಮಲಗಿದ ಮೇಲೆ ನಾನು ವಿಮಾನವನ್ನು ತಂದು, ಇಲ್ಲೇ, ಹಂಡೆಯ ಪಕ್ಕದ ಈ ಕಟ್ಟೆಯ ಮೇಲಿಟ್ಟು ಹೋದೆ. ಬೆಳಿಗ್ಗೆ ಎದ್ದು ಬಂದರೆ ಬಣ್ಣವೇನೋ ಒಣಗಿತ್ತು. ಒಲೆಯ ಕಡೆಗಿದ್ದ ಎಡ ರೆಕ್ಕೆ ಮಾತ್ರ ಬಾಡಿದ ಬಾಳೆ ಎಲೆಯಂತೆ ಜೋತುಬಿದ್ದಿತ್ತು.

ಹೇಗೆ ಹೇಳಲಿ ಅಂತ ತಿಳಿಯದೆ ಅಲ್ಲೇ ಕೂತು ಅತ್ತೆ. ದೊಡ್ಡಪ್ಪ ಬಂದರು, ನೋಡಿದರು. ಬೈಯಲಿಲ್ಲ. "ಬಿಸಿ ಬಗ್ಗಿಸಿದ್ದನ್ನ ಬಿಸೀನೇ ನೆಟ್ಟಗೆ ಮಾಡ್ತದೆ. ಹಂಡೆ ನೀರು ಕುದೀಲಿ" ಅಂದರು. ಕುದಿಯುವ ನೀರನ್ನು ಚೊಂಬಿನಲ್ಲಿ ಮೊಗೆದು ದೊಡ್ಡಮ್ಮ ರೆಕ್ಕೆಯ ಮೇಲೆ ಸಣ್ಣಗೆ ಹುಯ್ದರು. ಬುಡವನ್ನು ದೊಡ್ಡಪ್ಪ ಎರಡೂ ಅಂಗೈಯಲ್ಲಿ ಒತ್ತಿ ಹಿಡಿದರು, ತುದಿಯನ್ನು ನಾನು ಬಟ್ಟೆ ಸುತ್ತಿ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದೆ. ಪ್ಲಾಸ್ಟಿಕ್ ಮೆತ್ತಗಾದದ್ದು ಬೆರಳಿಗೆ ಗೊತ್ತಾಯಿತು. ತಣ್ಣೀರು ಹಾಕಿದ ಮೇಲೂ ಬಿಡದೆ ಹಿಡಿದುಕೊಂಡೇ ಕೂತೆವು. ಆವತ್ತು ಒಂದು ವಿಷಯ ಗಮನಿಸಿದೆ. ಒತ್ತಿ ಹಿಡಿದಾಗ ಅವರ ಕೈ ನಡುಗುತ್ತಿರಲಿಲ್ಲ. ಬಿಟ್ಟಾಗ ಮಾತ್ರ ನಡುಗುತ್ತಿತ್ತು.

ಆಶ್ಲೇಷದಲ್ಲಿ ಕಿಟಕಿಗಳು ಕೂತವು. ಪ್ಲಾಸ್ಟಿಕ್ಕಿನ ಅಂಟು ತಾಗಿಸಿದರೆ ಅದರ ಹಬೆಗೆ ಗಾಜು ಮಂಜಾಗುತ್ತದೆ, ಅದಕ್ಕೆ ಒಣಗಿದ ಮೇಲೆ ತಿಳಿಯಾಗುವ ಫೆವಿಕಾಲನ್ನೇ ಕಡ್ಡಿಯಿಂದ ಹಚ್ಚಿದೆವು. ಉಳಿದದ್ದು ಗುರುತುಗಳು. ಪೆಟ್ಟಿಗೆಯಲ್ಲಿ ಬಂದಿದ್ದದ್ದು ಅಮೆರಿಕದ ನಕ್ಷತ್ರ. ದೊಡ್ಡಪ್ಪನಿಗೆ ಬೇಕಿದ್ದದ್ದು ನಮ್ಮ ವಾಯುಪಡೆಯ ಚಕ್ರ, ಹೊರಗೆ ಹಸಿರು, ನಡುವೆ ಬಿಳಿ, ಒಳಗೆ ಕೇಸರಿ. ನಾಲ್ಕಾಣೆ ಬಿಲ್ಲೆಯಷ್ಟು ದೊಡ್ಡವು, ಒಟ್ಟು 6. ಅಣ್ಣನ ಕಾಗದಗಳಲ್ಲಿ ಬರೆಯದೆ ಉಳಿದಿದ್ದ ತೆಳು ಹಾಳೆ ಕತ್ತರಿಸಿಕೊಂಡೆವು. ಕಾಗದವೇ ಬಿಳಿ, ಎರಡು ಬಣ್ಣ ಬಳಿದರೆ ಸಾಕು. ಆದರೆ ಕೈವಾರದಲ್ಲಿ ಎಳೆದ ಗೆರೆಯೊಳಗೆ ಬ್ರಷ್ಷು ನಿಲ್ಲಲಿಲ್ಲ. ನನ್ನದು ಅಂಕುಡೊಂಕು. ದೊಡ್ಡಪ್ಪ ಒಂದು ಸಲ ಹಿಡಿದು ನೋಡಿ ಬ್ರಷ್ಷು ಕೆಳಗಿಟ್ಟರು. ಎರಡು ದಿನ ಆ ಕೆಲಸದ ಮಾತೇ ಬರಲಿಲ್ಲ.

ಮೂರನೆಯ ದಿನ ದೊಡ್ಡಮ್ಮ ರಾಗಿ ಬೀಸುತ್ತಿದ್ದರು. ದೊಡ್ಡಪ್ಪ ಕಲ್ಲು ತಿರುಗುವುದನ್ನೇ ನೋಡುತ್ತಿದ್ದವರು ತಟ್ಟನೆ, "ಬ್ರಷ್ಷು ಯಾಕೆ ತಿರುಗಬೇಕು? ಕಾಗದ ತಿರುಗ್ಲಿ" ಅಂದರು.

ಬೀಸುಕಲ್ಲಿನ ಮೇಲೆ ಹಲಗೆಯ ಚೂರೊಂದನ್ನು ಮೇಣದಲ್ಲಿ ಅಂಟಿಸಿದೆವು. ಪೆನ್ಸಿಲನ್ನು ಅಲುಗದಂತೆ ಹಿಡಿದು ಕಲ್ಲು ತಿರುಗಿಸಿದರೆ ಹಲಗೆಯ ಮೇಲೆ ಉಂಗುರ ಬೀಳುತ್ತದೆ. ಪೆನ್ಸಿಲನ್ನು ಒಳಗೊಳಗೆ ಸರಿಸುತ್ತಾ ಬಂದರೆ ಉಂಗುರ ಕಿರಿದಾಗಿ ಕೊನೆಗೆ ಚುಕ್ಕೆಯಾಗುತ್ತದೆ. ಆ ಚುಕ್ಕೆಯೇ ನಟ್ಟನಡು. ಅದರ ಮೇಲೆ ಕಾಗದ ಕೂರಿಸಿದೆವು. ಪಕ್ಕದಲ್ಲಿ ಇಟ್ಟಿಗೆಯಿಟ್ಟು, ನಾನು ಮುಂಗೈಯನ್ನು ಅದಕ್ಕೆ ಆನಿಸಿ ಬ್ರಷ್ಷು ಹಿಡಿದೆ. ದೊಡ್ಡಪ್ಪ ಗೂಟ ಹಿಡಿದು ಕಲ್ಲು ತಿರುಗಿಸಿದರು. ಅಷ್ಟು ಭಾರದ ಕಲ್ಲಿಗೆ ಅವರ ಕೈನಡುಕ ಲೆಕ್ಕಕ್ಕೇ ಬರಲಿಲ್ಲ. ಹಸಿರು ಬಳೆ ತಾನೇ ತಾನಾಗಿ ಮೂಡಿ, ಸುತ್ತಿ ಬಂದು, ತನ್ನ ಬಾಲವನ್ನು ತಾನೇ ಸೇರಿತು.

"ಬೇಲೂರಿನ ಗುಡಿಯೊಳಗೆ, ಹಳೇಬೀಡಿನಲ್ಲಿ, ಆ ಉರುಟು ಕಂಬಗಳ ಮೇಲೆ ಒಂದರ ಕೆಳಗೊಂದು ಬಳೆಯಂಗೆ ಗೆರೆ ನೋಡಿದೀಯಲ್ಲ," ಅಂದರು ದೊಡ್ಡಪ್ಪ, ಕಲ್ಲು ತಿರುಗಿಸುತ್ತಲೇ. "ಬಳಪದ ಕಲ್ಲನ್ನ ತಿರುಗಿಸಿಯೇ ಅದನ್ನ ಕಡೆದದ್ದು. ಉಳಿ ಹಿಡಿದೋನು ಒಬ್ಬ ಇದ್ರೆ, ಅಷ್ಟು ದೊಡ್ಡ ಕಲ್ಲು ತಿರುಗಿಸಿದೋರು ಎಷ್ಟು ಜನ ಇದ್ರೋ."

ಆರು ಬಿಲ್ಲೆಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಒಂದೊಂದು ಮುಗಿದಾಗಲೂ ಅವರು ಕಲ್ಲಿನ ಮೇಲೆ ಎರಡು ಸಲ ತಟ್ಟುತ್ತಿದ್ದರು. ನಾಲ್ಕನೆಯದಕ್ಕೆ ಒಂದೇ ಸಲ ತಟ್ಟಿದರು, ಹಸಿರು ಒಂದು ಕಡೆ ತೆಳುವಾಗಿತ್ತು. ಇನ್ನೊಂದು ಸುತ್ತು ತಿರುಗಿಸಿದೆವು.

ಮಖೆ ಮಳೆ ಶುರುವಾದ ವಾರ ಚಕ್ರದ ಕಾಲುಗಳನ್ನು ಕೂಡಿಸಿದೆವು. ಒಣಗಲು ಎರಡು ದಿನ ಬಿಟ್ಟು, ಈ ಬಚ್ಚಲಮನೆಯ ಹೊಸ್ತಿಲಿನ ಆಚೆ, ಗಾರೆ ನೆಲದ ಮೇಲೆ ಇಟ್ಟೆ. ಕೈ ಬಿಡಲು ಧೈರ್ಯ ಬರಲಿಲ್ಲ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 46 ಸೆಂಟಿಮೀಟರ್, ಎರಡು ತಿಂಗಳ ಕೆಲಸ, ಮೂಗಿನೊಳಗೆ ಇನ್ನು ಮುಟ್ಟಲಾಗದ ಸೀಸ. "ಬಿಡು" ಅಂದರು ದೊಡ್ಡಪ್ಪ. ಬಿಟ್ಟೆ. ಬಾಲ ಒಂದಿಷ್ಟು ತಗ್ಗಿತು. ಆಮೇಲೆ ಮುಂದಿನ ಚಕ್ರ ಮೆಲ್ಲಗೆ ನೆಲಕ್ಕೆ ಬಂದು ಕೂತಿತು. ಮೂರು ಚಕ್ರದ ಮೇಲೆ ವಿಮಾನ ನಿಂತಿತು.

ದೊಡ್ಡಪ್ಪ ಗಾರೆಯ ಮೇಲೆ ಬೆರಳು ಮಡಿಸಿ ಎರಡು ಸಲ ತಟ್ಟಿದರು.

ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ನಾನು ದೆಹಲಿಗೆ ಹೋಗಿದ್ದೆ. ಪಾಲಂನ ವಾಯುಪಡೆ ಮ್ಯೂಸಿಯಮ್ಮಿನಲ್ಲಿ ನಮ್ಮ ವಾಯುಪಡೆಯ ಲಿಬರೇಟರ್ ಒಂದು ಉಳಿದಿದೆ. ಅದರ ಬಾಲದ ಹತ್ತಿರ ನಿಂತು ರಿವೆಟ್ಟಿನ ಸಾಲುಗಳನ್ನು ನೋಡಿದೆ. ಒಂದೊಂದರ ಹಿಂದೆಯೂ, ಆ ಕತ್ತಲಿನಲ್ಲಿ, ಯಾರೋ ಒಬ್ಬರು ಡಾಲಿ ಒತ್ತಿ ಹಿಡಿದಿದ್ದರು. ಅವರ ಹೆಸರು ಯಾವ ಫಲಕದ ಮೇಲೂ ಬರುವುದಿಲ್ಲ. ಆದರೆ ಅವರು ಕೈ ಸಡಿಲ ಬಿಟ್ಟಿದ್ದರೆ ಆ ವಿಮಾನ ಹಾರುತ್ತಿರಲಿಲ್ಲ.

ಬಿದ್ದ ಬಿಲ್ಲೆ ಮತ್ತೆ ಅಂಟುವ ಹಾಗಿಲ್ಲ, ಕಾಗದ ಹರಿದಿದೆ. ಹೊಸದು ಮಾಡೋಣ. ಬೀಸುಕಲ್ಲು ಕೊಟ್ಟಿಗೆಯ ಮೂಲೆಯಲ್ಲಿದೆ. ನಾಳೆ ತೊಳೆದು ಒಳಗೆ ತರುತ್ತೇನೆ. ತೆಳು ಕಾಗದ ಹುಡುಕುವುದು ಒಬ್ಬರು, ಬ್ರಷ್ಷು ಹಿಡಿಯುವುದು ಒಬ್ಬರು, ನಿಮ್ಮ ನಿಮ್ಮಲ್ಲೇ ತೀರ್ಮಾನ ಮಾಡಿಕೊಳ್ಳಿ. ಕಲ್ಲು ತಿರುಗಿಸುವ ಕೆಲಸ ನನ್ನದು.