ದೇವರಕಾಡಿನ ಪಾಠ

ಬೇಸಿಗೆಯ ರಜೆ ಬಂದಿತೆಂದರೆ ಮಾವಿನ ತೋಪು, ಹಲಸಿನ ಮರ, ಹೊಳೆಯ ಮಡುಗಳೇ ಹಳ್ಳಿಯ ಮಕ್ಕಳಿಗೆ ಶಾಲೆಗಳಾಗಿದ್ದ ಕಾಲವೊಂದಿತ್ತು. ಆ ಶಾಲೆಯಲ್ಲಿ ಗಂಟೆ ಬಾರಿಸುವವರು ಇರಲಿಲ್ಲ. ಆದರೂ ಪಾಠ ಒಂದು ದಿನವೂ ತಪ್ಪುತ್ತಿರಲಿಲ್ಲ. ಈಗ ತೋಪುಗಳು ಕಡಿಮೆಯಾಗಿವೆ. ಇರುವ ತೋಪಿಗೆ ಮಕ್ಕಳನ್ನು ಒಂಟಿಯಾಗಿ ಕಳುಹಿಸುವ ಧೈರ್ಯ ತಾಯ್ತಂದೆಯರಿಗಿಲ್ಲ. ಆದುದರಿಂದ ಹಿಂದೆ ತಾನಾಗಿಯೇ ನಡೆಯುತ್ತಿದ್ದುದನ್ನು ಇಂದು ಹಿರಿಯರು ಮುಂದೆ ನಿಂತು ನಡೆಸಬೇಕಾಗಿದೆ. ಅಲ್ಲಲ್ಲಿ ಬೇಸಿಗೆಯ ಶಿಬಿರಗಳು ಹುಟ್ಟಿಕೊಂಡಿರುವುದು ಹೀಗೆ.

ದೇವರ ಸನ್ನಿಧಿ ಮತ್ತು ಪ್ರಕೃತಿಯ ಸಹವಾಸ ಎರಡನ್ನೂ ಒಟ್ಟಿಗೆ ಒದಗಿಸುವ ಶಿಬಿರಗಳು ಹೊಸವಲ್ಲ. 1874ರಲ್ಲಿಯೇ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ, ಷಟಾಕ್ವಾ ಎಂಬ ಸರೋವರದ ದಂಡೆಯ ಮೇಲೆ, ಭಾನುವಾರದ ಧರ್ಮಶಾಲೆಗಳ ಉಪಾಧ್ಯಾಯರಿಗಾಗಿ ಬೇಸಿಗೆಯ ಶಿಬಿರವೊಂದು ಆರಂಭವಾಯಿತು. ಮರದ ನೆರಳೂ ನೀರಿನ ಅಂಚೂ ಧರ್ಮದ ಪಾಠಕ್ಕೆ ತಕ್ಕ ಸ್ಥಳಗಳೆಂದು ಅದನ್ನು ತೊಡಗಿಸಿದವರು ಭಾವಿಸಿದ್ದಿರಬೇಕು. ಕೊಡಗಿನವರಿಗಾದರೋ ಇಂತಹ ಸ್ಥಳವನ್ನು ಹುಡುಕಿಕೊಂಡು ದೂರ ಹೋಗುವ ಅಗತ್ಯವೇ ಇಲ್ಲ. ಅಲ್ಲಿ ದೇವರೇ ಕಾಡಿನಲ್ಲಿ ನೆಲೆಸಿದ್ದಾನೆ.

ಕೊಡಗು ಜಿಲ್ಲೆಯಲ್ಲಿ ಸುಮಾರು 1,200 ದೇವರಕಾಡುಗಳಿವೆ. ಅಯ್ಯಪ್ಪ, ಭಗವತಿ, ಮಹಾದೇವ ಮೊದಲಾದ ದೇವತೆಗಳ ಹೆಸರಿನಲ್ಲಿ ಊರಿನವರು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಕಾಡುಗಳಿವು. ಕೆಲವು ನೂರಾರು ಎಕರೆಗಳಷ್ಟು ವಿಶಾಲವಾದವು. ಹಲವು ಒಂದೆರಡು ಎಕರೆಗಳಷ್ಟೇ ಇವೆ. 1864ರಲ್ಲಿ ಭಾರತದ ಅರಣ್ಯ ಇಲಾಖೆಗೆ ಮೊದಲ ಮಹಾನಿರೀಕ್ಷಕರಾದ ಡೀಟ್ರಿಕ್ ಬ್ರಾಂಡಿಸ್ ಅವರು ಕೂಡ ಈ ಕಾಡುಗಳನ್ನು ತಮ್ಮ ಬರಹದಲ್ಲಿ ಹೆಸರಿಸಿದ್ದಾರೆ. ಇಂತಹ ಪದ್ಧತಿ ಬೇರೆ ಕಡೆಗಳಲ್ಲಿಯೂ ಇದೆ. ಮಹಾರಾಷ್ಟ್ರದಲ್ಲಿ ಇದು ದೇವರಾಯಿ, ಕೇರಳದಲ್ಲಿ ಕಾವು, ರಾಜಸ್ಥಾನದಲ್ಲಿ ಓರಣ. ದೂರದ ಇಥಿಯೋಪಿಯದಲ್ಲಿ ಪುರಾತನ ಕ್ರೈಸ್ತ ದೇವಾಲಯಗಳ ಸುತ್ತ ಉಳಿದಿರುವ ಕಾಡುಗಳೂ ಇದೇ ಬಗೆಯವು. ಊರು ಬೇರೆ, ದೇವರ ಹೆಸರು ಬೇರೆ. ಮನುಷ್ಯನು ತನ್ನ ಆಸೆಗೆ ತಾನೇ ಹಾಕಿಕೊಂಡ ಬೇಲಿ ಮಾತ್ರ ಒಂದೇ.

ದಕ್ಷಿಣ ಕೊಡಗಿನ ಒಂದು ಹಳ್ಳಿ. ಅಲ್ಲಿಯ ಅಯ್ಯಪ್ಪನ ದೇವರಕಾಡಿನಲ್ಲಿ ಮೇ ತಿಂಗಳ ಮೊದಲ ವಾರ ಐದು ದಿನ ಮಕ್ಕಳ ಶಿಬಿರ ನಡೆಯುತ್ತದೆ. ನಿವೃತ್ತರಾದ ಮೇಷ್ಟ್ರೊಬ್ಬರು ಅದನ್ನು ನಡೆಸುತ್ತಾರೆ. ಕಾಲೇಜಿನಲ್ಲಿ ಓದುವ ಊರಿನ ಇಬ್ಬರು ಹೆಣ್ಣುಮಕ್ಕಳು ಅವರಿಗೆ ನೆರವು. ಬರುವವರು ಐದರಿಂದ ಒಂಬತ್ತು ವರ್ಷದ ಸುಮಾರು ಇಪ್ಪತ್ತು ಮಕ್ಕಳು. ತೋಟದ ಯಜಮಾನರ ಮಕ್ಕಳೂ ಅದೇ ತೋಟದ ಲೈನು ಮನೆಗಳ ಕೂಲಿಕಾರರ ಮಕ್ಕಳೂ ಅಲ್ಲಿ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳುತ್ತಾರೆ. ಬೆಳಿಗ್ಗೆ ಎಂಟಕ್ಕೆ ಬಂದವರು ಮಧ್ಯಾಹ್ನ ಊಟದ ಹೊತ್ತಿಗೆ ಮನೆ ಸೇರುತ್ತಾರೆ. ನಡುವೆ ಹಲಸಿನ ತೊಳೆ, ಮಜ್ಜಿಗೆ, ಕಡಲೆಯ ಉಸಲಿ.

ಒಂದು ವರ್ಷ ನಡೆದ ಶಿಬಿರ ಆ ಊರಿನವರ ನೆನಪಿನಲ್ಲಿ ಉಳಿದುಕೊಂಡಿದೆ.

ಮೊದಲನೆಯ ದಿನ ಮಕ್ಕಳು ಚಪ್ಪಲಿಗಳನ್ನು ಕಾಡಿನ ಅಂಚಿನಲ್ಲಿ ಬಿಟ್ಟು ಬರಿಗಾಲಿನಲ್ಲಿ ಒಳಹೊಕ್ಕರು. ಹೊರಗಿನ ಬಿಸಿಲು ಹತ್ತು ಹೆಜ್ಜೆಯೊಳಗೆ ತಂಪಾಯಿತು. ಅಯ್ಯಪ್ಪನ ಕಲ್ಲಿನ ಮುಂದೆ ಮಣ್ಣಿನ ನಾಯಿಗಳು ಸಾಲುಸಾಲಾಗಿ ನಿಂತಿದ್ದವು. ಕೆಲವಕ್ಕೆ ಕಿವಿಯಿಲ್ಲ, ಕೆಲವಕ್ಕೆ ಕಾಲಿಲ್ಲ. ಬಹಳ ಹಳೆಯವು ಪಾಚಿ ಹಿಡಿದು ಹಸುರಾಗಿದ್ದವು. ಅಯ್ಯಪ್ಪನು ಬೇಟೆಯ ದೇವರು. ಅವನಿಗೆ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವುದು ಅಲ್ಲಿಯ ಹಳೆಯ ವಾಡಿಕೆ. ಮಕ್ಕಳು ಕೈಮುಗಿದರು. ಆ ಮೇಲೆ ಮೇಷ್ಟ್ರು ಹೇಳಿದರು: “ಇಲ್ಲಿಂದ ಒಂದು ಒಣಗಿದ ಎಲೆಯನ್ನೂ ಹೊರಗೆ ಒಯ್ಯಬಾರದು. ಹಿಂದೆ ಯಾರೋ ಒಬ್ಬ ಸೌದೆ ಒಯ್ದು, ಮನೆ ಸೇರುವ ಮೊದಲೇ ಜ್ವರ ಹಿಡಿದು ಮಲಗಿದನಂತೆ.” ಅವರು ಚಿಕ್ಕಂದಿನಲ್ಲಿ ತಮ್ಮ ಅಜ್ಜನಿಂದ ಕೇಳಿದ್ದ ಕಥೆ ಅದು. ಹೇಳಿ ಅಭ್ಯಾಸವಾಗಿತ್ತು, ಹೇಳಿಬಿಟ್ಟರು.

ಎರಡನೆಯ ದಿನ ನೀರಿನ ಪಾಠ. ಒಂದೇ ಅಳತೆಯ ಎರಡು ಚೆಂಬು ನೀರು ತಂದರು. ಒಂದನ್ನು ಜನ ನಡೆದು ಗಟ್ಟಿಯಾದ ಕಾಲುದಾರಿಯ ಮೇಲೆ ಸುರಿದರು. ನೀರು ಕೆಂಪಾಗಿ, ಮಣ್ಣನ್ನು ಹೊತ್ತುಕೊಂಡು, ಇಳಿಜಾರಿನಲ್ಲಿ ಓಡಿಹೋಯಿತು. ಇನ್ನೊಂದನ್ನು ಮರದ ಬುಡದ ತರಗೆಲೆಯ ಮೇಲೆ ಸುರಿದರು. ಅದು ಎಲ್ಲಿಗೂ ಓಡಲಿಲ್ಲ. ಮಕ್ಕಳು ನೋಡುತ್ತಿದ್ದಂತೆ ಮಾಯವಾಯಿತು. “ನೀರು ಎಲ್ಲಿ ಹೋಯಿತು?” ಎಂದು ಮೇಷ್ಟ್ರು ಕೇಳಿದರು. ಲೈನು ಮನೆಯ ಏಳು ವರ್ಷದ ಹುಡುಗಿಯೊಬ್ಬಳು ಎಲೆಗಳನ್ನು ಸರಿಸಿ, ಕೆಳಗಿನ ಕರಿಮಣ್ಣನ್ನು ಮುಟ್ಟಿ, “ಕಾಡು ಕುಡಿಯಿತು” ಎಂದಳು. ಕಾಡು ಕುಡಿದ ಆ ನೀರೇ ಮೆಲ್ಲಮೆಲ್ಲನೆ ಕೆಳಗಿಳಿದು, ಕಾಡಿನ ಆಚೆ ಬದಿಯ ಒರತೆಯಲ್ಲಿ ಬೇಸಿಗೆಯಲ್ಲಿಯೂ ಜಿನುಗುತ್ತದೆ ಎಂಬುದನ್ನು ಮೇಷ್ಟ್ರು ಅವರನ್ನು ಅಲ್ಲಿಗೇ ಕರೆದೊಯ್ದು ತೋರಿಸಿದರು. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆಮಠಗಳು ಮಣ್ಣುಪಾಲಾದುದನ್ನು ಆ ಮಕ್ಕಳ ತಾಯ್ತಂದೆಯರು ಮರೆತಿಲ್ಲ. ಅಂತಹ ಕುಸಿತಕ್ಕೆ ಕಾರಣಗಳು ಹಲವು. ಆದರೆ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ, ತರಗೆಲೆ ಮಳೆಯ ಹೊಡೆತವನ್ನು ತಡೆಯುತ್ತದೆ ಎಂಬುದನ್ನು ಅರಿಯಲು ಎರಡು ಚೆಂಬು ನೀರು ಸಾಕಾಯಿತು.

ಮೂರನೆಯ ದಿನ ಅತ್ತಿಯ ಮರದ ಕೆಳಗೆ ಸದ್ದಿಲ್ಲದೆ ಕುಳಿತು ಮೇಲೆ ನೋಡುವ ಕೆಲಸ. ಮಂಗಟ್ಟೆ ಹಕ್ಕಿಗಳೆರಡು ರೆಕ್ಕೆಯ ಭಾರಿ ಸದ್ದಿನೊಡನೆ ಬಂದಿಳಿದವು. ಹಣ್ಣು ನುಂಗಿದ ಹಕ್ಕಿ ಬೀಜವನ್ನು ಬೇರೆಲ್ಲೋ ಬೀಳಿಸುವುದರಿಂದ ಕಾಡು ನಡೆಯದೆಯೇ ನಡೆಯುತ್ತದೆ ಎಂದು ಮೇಷ್ಟ್ರು ವಿವರಿಸಿದರು. ಇಲ್ಲಿಯ ಪೊಟರೆಗಳಲ್ಲಿರುವ ತುಡುವೆ ಜೇನುಗಳು ಸುತ್ತಲಿನ ತೋಟಗಳಿಗೆ ಹಾರಿಹೋಗಿ ಕಾಫಿಯ ಹೂವುಗಳ ಪರಾಗವನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತವೆ. ರೊಬಸ್ಟಾ ಕಾಫಿ ಕಾಯಿ ಕಟ್ಟಬೇಕಾದರೆ ಬೇರೊಂದು ಗಿಡದ ಪರಾಗ ಬರಲೇಬೇಕು ಎಂದರು. ದೇವರಕಾಡು ಸುತ್ತಲಿನ ತೋಟಗಳಿಗೆ ಸಲ್ಲಿಸುವ ಈ ಊಳಿಗಕ್ಕೆ ಯಾರೂ ಕೂಲಿ ಕೊಡುವುದಿಲ್ಲ.

ನಾಲ್ಕನೆಯ ದಿನ ಚಾಪೆಯ ಮೇಲೆ ಒಂದು ಸ್ಥಳ ಖಾಲಿಯಾಗಿತ್ತು. ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದ ಎಂಟು ವರ್ಷದ ಹುಡುಗ ಬಂದಿರಲಿಲ್ಲ. ಅವನ ಮನೆ ಕಾಡಿಗೆ ಅಂಟಿಕೊಂಡೇ ಇದ್ದ ತೋಟದಲ್ಲಿತ್ತು. ಸಂಜೆ ಮೇಷ್ಟ್ರು ಅಲ್ಲಿಗೆ ಹೋದರು. ಹುಡುಗ ಕಂಬಳಿ ಹೊದ್ದು ಮಲಗಿದ್ದ. “ನಿನ್ನೆ ರಾತ್ರಿಯಿಂದ ಜ್ವರ, ಮೇಷ್ಟ್ರೇ. ಊಟ ಮಾಡುತ್ತಿಲ್ಲ, ಮಾತೂ ಆಡುತ್ತಿಲ್ಲ” ಎಂದರು ತಾಯಿ. ಅವರು ಕಾಫಿ ತರಲು ಒಳಗೆ ಹೋದ ಮೇಲೆ ಹುಡುಗ ಮಂಚದ ಕೆಳಗೆ ಬೆರಳು ತೋರಿಸಿದ. ಅಲ್ಲಿ ತೆಂಗಿನ ಚಿಪ್ಪಿನಲ್ಲಿ ಗೇಣುದ್ದದ ನೇರಳೆ ಸಸಿಯೊಂದು ಬಾಡಿ ತಲೆ ಬಾಗಿಸಿತ್ತು.

“ನಾನೇ ಕಿತ್ತು ತಂದೆ, ಮೇಷ್ಟ್ರೇ. ಮನೆಯ ಮುಂದೆ ನೆಡಬೇಕು ಅಂತ. ದೇವರಿಗೆ ಸಿಟ್ಟು ಬಂದಿದೆ ಅಲ್ಲವಾ? ನಾನು ಸಾಯುತ್ತೇನಾ?”

ಮೇಷ್ಟ್ರಿಗೆ ಮಾತು ಹೊರಡಲಿಲ್ಲ. ಮೂವತ್ತೈದು ವರ್ಷ ಪಾಠ ಹೇಳಿದವರು ಅವರು. ತಮ್ಮ ಬಾಯಿಂದ ಬಂದ ಒಂದು ಕಥೆ ಮಗುವಿನ ಎದೆಯೊಳಗೆ ಮುಳ್ಳಾಗಿ ಮುರಿದುಕೊಂಡಿದೆ ಎಂಬುದು ಅವರಿಗೆ ಆಗ ತಿಳಿಯಿತು. ಅವರು ಹುಡುಗನ ಹಣೆಯ ಮೇಲೆ ಕೈಯಿಟ್ಟು ಹೇಳಿದರು: “ಮಗೂ, ನಿನ್ನೆ ನೀನು ಒರತೆಯ ತಣ್ಣೀರಿನಲ್ಲಿ ನೆನೆದು ಹಸಿ ಅಂಗಿಯಲ್ಲೇ ಕುಳಿತಿದ್ದೆ. ಜ್ವರ ಬಂದದ್ದು ಅದರಿಂದ ಇರಬೇಕು. ನಾಳೆಗೆ ಇಳಿಯುತ್ತದೆ. ದೇವರ ಮನಸ್ಸಿನಲ್ಲಿ ಏನಿದೆಯೋ ಹೇಳಲು ನಾನು ದೇವರಲ್ಲ. ಆದರೆ ಈ ಸಸಿಗೆ ಬಾಯಾರಿಕೆಯಾಗಿದೆ ಎಂಬುದು ನನಗೆ ಗೊತ್ತು. ಮೊದಲು ಅದಕ್ಕೆ ನೀರು ಹಾಕೋಣ.” ಹುಡುಗ ಎದ್ದು ಕುಳಿತ. ತನ್ನ ಕುಡಿಯುವ ಲೋಟದ ನೀರನ್ನೇ ಚಿಪ್ಪಿಗೆ ಸುರಿದ. ಆ ರಾತ್ರಿ ಅವನು ಗಂಜಿ ಕುಡಿದನಂತೆ.

ಮೇಷ್ಟ್ರಿಗೆ ಮಾತ್ರ ನಿದ್ರೆ ಬರಲಿಲ್ಲ. ಭಯವನ್ನು ಪೂರ್ತಿ ತಳ್ಳಿಹಾಕುವುದೂ ಅವರಿಗೆ ಸುಲಭವಾಗಿರಲಿಲ್ಲ. ಎಷ್ಟೋ ತಲೆಮಾರುಗಳ ಕಾಲ ಈ ಕಾಡನ್ನು ಕಾಯ್ದುದು ಕಾವಲುಗಾರನಲ್ಲ, ದೇವರ ಭಯವೇ. ಕಾಫಿಗೆ ಬೆಲೆ ಬಂದು ಭಯ ಸಡಿಲವಾದಂತೆ ಇಪ್ಪತ್ತನೆಯ ಶತಮಾನದಲ್ಲಿ ದೇವರಕಾಡುಗಳ ವಿಸ್ತೀರ್ಣ ಬಹಳ ಕುಗ್ಗಿಹೋಯಿತು ಎಂಬುದು ದಾಖಲೆಗಳಿಂದ ತಿಳಿದ ವಿಷಯ. ಆದರೆ ಭಯದ ಸ್ವಭಾವವೇ ವಿಚಿತ್ರ. ಸಸಿ ಕಿತ್ತ ಮಗುವನ್ನು ಅದು ಹಾಸಿಗೆ ಹಿಡಿಸುತ್ತದೆ. ಮರ ಕಡಿಯುವ ದೊಡ್ಡವನ ಹತ್ತಿರ ಸುಳಿಯುವುದಿಲ್ಲ. ಬಲವಿಲ್ಲದವರನ್ನಷ್ಟೇ ಹಿಡಿಯುವ ಭಯದಿಂದ ಕಾಡು ಉಳಿಯುವುದೆಂತು?

ಐದನೆಯ ದಿನ ಬೆಳಿಗ್ಗೆ ಹುಡುಗ ಚಿಪ್ಪನ್ನು ಎರಡು ಕೈಗಳಲ್ಲಿ ಹಿಡಿದುಕೊಂಡು ಬಂದ. ಮೇಷ್ಟ್ರು ಎಲ್ಲ ಮಕ್ಕಳನ್ನೂ ಕೂರಿಸಿ, “ಮೊದಲನೆಯ ದಿನ ನಾನು ನಿಮಗೆ ಜ್ವರದ ಕಥೆ ಹೇಳಿದೆ. ಅದನ್ನು ಹೇಳಬಾರದಿತ್ತು. ಇಲ್ಲಿಂದ ಏನನ್ನೂ ಒಯ್ಯಬಾರದು ಎಂಬುದು ನಿಜ, ಅದು ಏಕೆಂಬುದನ್ನು ನೀವೇ ಮೂರು ದಿನ ನೋಡಿದ್ದೀರಿ” ಎಂದರು. ಹಿರಿಯರೊಬ್ಬರು ತಮ್ಮ ತಪ್ಪನ್ನು ಒಪ್ಪಿಕೊಂಡುದನ್ನು ಆ ಮಕ್ಕಳು ಕಂಡದ್ದು ಬಹುಶಃ ಅದೇ ಮೊದಲು. ಯಾರೂ ನಗಲಿಲ್ಲ.

ಅಂದಿನ ಕೆಲಸ ಕಾಡಿನ ಗಡಿಯ ಸುತ್ತ ನಡೆದು ಗಡಿಕಲ್ಲುಗಳನ್ನು ಎಣಿಸುವುದು. ಮಕ್ಕಳು ಪಾಚಿ ಒರೆಸುತ್ತ, ಹಾಡುತ್ತ ಕಲ್ಲಿನಿಂದ ಕಲ್ಲಿಗೆ ಸಾಗಿದರು. ಏಳನೆಯ ಕಲ್ಲು ಸಿಕ್ಕಿತು, ಎಂಟನೆಯದು ಸಿಗಲಿಲ್ಲ. ಎಲ್ಲರೂ ಹುಡುಕುತ್ತಿರುವಾಗ, “ಕಾಡು ಕುಡಿಯಿತು” ಎಂದಿದ್ದ ಹುಡುಗಿ ಮುಳ್ಳುತಂತಿಯ ಬೇಲಿಯ ಕೆಳಗೆ ನುಸುಳಿ ಕೂಗಿದಳು: “ಇಲ್ಲಿದೆ!” ಕಲ್ಲು ಬೇಲಿಯಿಂದಾಚೆ, ಸುಮಾರು ಹದಿನೈದು ಹೆಜ್ಜೆ ಒಳಗೆ, ಕಾಫಿಯ ಗಿಡಗಳ ನಡುವೆ ನಿಂತಿತ್ತು. ಅದು ಆ ಹುಡುಗನ ಮನೆಯ ತೋಟ. ಗಿಡಗಳಿಗೆ ಕಪಾತು ಮಾಡಿಸುತ್ತ ಅವನ ತಂದೆ ಅಲ್ಲಿಯೇ ನಿಂತಿದ್ದರು.

ಹುಡುಗ ಕಲ್ಲನ್ನು ನೋಡಿದ, ಬೇಲಿಯನ್ನು ನೋಡಿದ, ಕೈಯಲ್ಲಿದ್ದ ಸಸಿಯನ್ನು ನೋಡಿದ. “ಅಪ್ಪಾ, ನಾನು ಒಂದೇ ಒಂದು ಗಿಡ ತಂದದ್ದು. ಅದನ್ನು ವಾಪಸು ಕೊಡುತ್ತಿದ್ದೇನೆ. ಇದನ್ನು ಯಾರು ವಾಪಸು ಕೊಡಬೇಕು?” ಎಂದ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯಿದೆ. ಅಂದು ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆ ಬೇಲಿ ನನ್ನ ಕಾಲದ್ದಲ್ಲ, ಮೇಷ್ಟ್ರೇ. ಹಿಂದಿನಿಂದಲೂ ಹೀಗೇ ಇದೆ” ಎಂದರು. ಮೇಷ್ಟ್ರು ವಾದಿಸಲಿಲ್ಲ. “ಇರಬಹುದು. ಮಕ್ಕಳು ಕಲ್ಲು ಎಣಿಸಲು ಬಂದರು, ಅಷ್ಟೆ” ಎಂದು ಹೇಳಿ, ಎಂಟನೆಯ ಕಲ್ಲನ್ನು ಪುಸ್ತಕದಲ್ಲಿ ಬರೆದುಕೊಂಡರು. ಹುಡುಗ ಸಸಿಯನ್ನು ಬೇಲಿಯ ಈಚೆಗೆ ನೆಡಲಿಲ್ಲ. ಕಲ್ಲಿನ ಪಕ್ಕದಲ್ಲಿಯೇ, ಕಾಡಿನ ನಿಜವಾದ ಅಂಚಿನಲ್ಲಿ, ಗುಳಿ ತೋಡಿ ನೆಟ್ಟ. ಲೈನು ಮನೆಯ ಹುಡುಗಿ ತರಗೆಲೆ ತಂದು ಅದರ ಬುಡಕ್ಕೆ ಮುಚ್ಚಿದಳು.

ಆ ವರ್ಷ ಮಳೆಗಾಲಕ್ಕೆ ಮುಂಚೆ ಬೇಲಿ ಸರಿಯಲಿಲ್ಲ. ಮನುಷ್ಯನ ಮನಸ್ಸು ಒಂದು ಬೆಳಗಿನಲ್ಲಿ ತಿರುಗುವಂಥದಲ್ಲ; ಹದಿನೈದು ಹೆಜ್ಜೆಯ ಕಾಫಿಯೂ ಸಣ್ಣ ಸಂಸಾರಕ್ಕೆ ಸಣ್ಣದಲ್ಲ. ಆದರೆ ಮಳೆಯಲ್ಲಿ ಮುರಿದುಬಿದ್ದ ಬೇಲಿಯ ಗೂಟಗಳನ್ನು ತಂದೆ ಮತ್ತೆ ನೆಡಿಸಲಿಲ್ಲ. ಸತ್ತ ಕಾಫಿಗಿಡಗಳ ಜಾಗದಲ್ಲಿ ಹೊಸ ಗಿಡಗಳನ್ನೂ ಹಾಕಿಸಲಿಲ್ಲ. ಕೇಳಿದವರಿಗೆ, “ಆ ಕಡೆ ಹುಡುಗನ ನೇರಳೆಯಿದೆ, ಇರಲಿ ಬಿಡಿ” ಎನ್ನುತ್ತಿದ್ದರಂತೆ. ಮರುವರ್ಷದ ಶಿಬಿರಕ್ಕೆ ಮಕ್ಕಳು ಬಂದಾಗ ಅಲ್ಲಿ ಮುಳ್ಳುತಂತಿ ಇರಲಿಲ್ಲ. ನೇರಳೆಯ ಸಸಿ ಮಕ್ಕಳ ಮೊಣಕಾಲಿನ ಎತ್ತರಕ್ಕೆ ಬೆಳೆದಿತ್ತು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಹಿರಿಯರು ಮಕ್ಕಳನ್ನು ಕುರಿತು ಹೇಳುವುದುಂಟು. ಗಿಡ ಬಗ್ಗುವುದನ್ನು ಕಂಡು ಮರವೂ ಕೊಂಚ ಬಗ್ಗುವುದುಂಟೆಂದು ಆ ಊರಿನವರು ಬಲ್ಲರು. ಅಂದಿನಿಂದ ಮೇಷ್ಟ್ರು ಮೊದಲನೆಯ ದಿನ ಜ್ವರದ ಕಥೆಯನ್ನು ಹೇಳುವುದಿಲ್ಲ. ಮಕ್ಕಳು ಅಯ್ಯಪ್ಪನಿಗೆ ಕೈಮುಗಿದ ಮೇಲೆ, ಎರಡು ಚೆಂಬು ನೀರು ತರಿಸುತ್ತಾರೆ.